ಪಾಠದ ಕೋಣೆ ಮತ್ತು ರಂಗಸ್ಥಳ: ಕೃತಿಸ್ವಾಮ್ಯದ ಎರಡು ತೀರ್ಪುಗಳು

ವಿಶ್ವವಿದ್ಯಾಲಯಗಳಲ್ಲಿ ಕೃತಿಸ್ವಾಮ್ಯದ ಚರ್ಚೆ ಬಹುಮಟ್ಟಿಗೆ ಜೆರಾಕ್ಸ್ ಯಂತ್ರದ ಸುತ್ತಲೇ ನಡೆಯುತ್ತದೆ. ಎಷ್ಟು ಪುಟ, ಶೇಕಡಾ ಎಷ್ಟು ಎಂಬುದೇ ಎಲ್ಲರ ಪ್ರಶ್ನೆ. ದೆಹಲಿ ವಿಶ್ವವಿದ್ಯಾಲಯ ಹಾಗೂ ಅದರ ಆವರಣದ ಅಂಗಡಿಯೊಂದರ ಮೇಲೆ ಆಕ್ಸ್‌ಫರ್ಡ್, ಕೇಂಬ್ರಿಜ್ ಮೊದಲಾದ ಪ್ರಕಾಶಕರು 2012ರಲ್ಲಿ ಹೂಡಿದ ದಾವೆಯಲ್ಲಿ ದೆಹಲಿ ಉಚ್ಚ ನ್ಯಾಯಾಲಯವು ಈ ಲೆಕ್ಕವನ್ನು ಒಪ್ಪಲಿಲ್ಲ. ಬೋಧನೆಗೆ ಅಗತ್ಯವಾದಷ್ಟನ್ನು ಪ್ರತಿ ಮಾಡಬಹುದೆಂದು 2016ರಲ್ಲಿ ಹೇಳಿತು. ಮರುವರ್ಷ ಪ್ರಕಾಶಕರು ದಾವೆಯನ್ನೇ ಹಿಂತೆಗೆದುಕೊಂಡರು. ಈ ತೀರ್ಪನ್ನು ಅಧ್ಯಾಪಕರು ಉತ್ಸಾಹದಿಂದ ಉದ್ಧರಿಸುತ್ತಾರೆ. ಶಿಕ್ಷಣದ ಹೆಸರಿನಲ್ಲಿ ಎಲ್ಲವೂ ಸಲ್ಲುತ್ತದೆಂಬ ಅರ್ಥವನ್ನೂ ಅದಕ್ಕೆ ಹಚ್ಚುತ್ತಾರೆ. ಈ ಅರ್ಥ ಸಾಧುವಲ್ಲ.

ಕನ್ನಡದ ಅಭ್ಯಾಸಿಗಳು ಇದರೊಡನೆ ಓದಬೇಕಾದುದು ಸರ್ವೋಚ್ಚ ನ್ಯಾಯಾಲಯದ 2009ರ ತೀರ್ಪು. ಶಿವರಾಮ ಕಾರಂತರು ರೂಪಿಸಿದ ಯಕ್ಷಗಾನ ಬ್ಯಾಲೆಯನ್ನು ಮಣಿಪಾಲದ ಶಿಕ್ಷಣ ಸಂಸ್ಥೆಯೊಂದು 2001ರಲ್ಲಿ ದೆಹಲಿಯಲ್ಲಿ ಪ್ರದರ್ಶಿಸಿತು. ಕಾರಂತರ ಉಯಿಲಿನಂತೆ ಹಕ್ಕು ಪಡೆದವರು ದಾವೆ ಹೂಡಿ ತಡೆಯಾಜ್ಞೆ ಪಡೆದರು. ನೃತ್ಯವು ಸಾಹಿತ್ಯಕೃತಿಯಲ್ಲ, ನಾಟ್ಯಕೃತಿ ಎಂದು ನ್ಯಾಯಾಲಯ ವಿಂಗಡಿಸಿತು. ಆದರೂ ಉಳಿದ ಆಸ್ತಿಯನ್ನು ಕುರಿತ ಉಯಿಲಿನ ವಾಕ್ಯದ ಬಲದಿಂದ ಹಕ್ಕು ಅವರಿಗೇ ಸಲ್ಲುವುದೆಂದು ಎತ್ತಿಹಿಡಿಯಿತು. ಜೊತೆಗೆ ಅಧಿನಿಯಮದ 52ನೆಯ ಕಲಮಿನ ವಿನಾಯಿತಿಗಳಿಗೆ ಒಳಪಟ್ಟ ಪ್ರದರ್ಶನಕ್ಕೆ ತಡೆಯಾಜ್ಞೆ ಅನ್ವಯಿಸದೆಂದೂ ಸ್ಪಷ್ಟಪಡಿಸಿತು.

ತೀರ್ಪಿನ ಸಾರವಿರುವುದು ಇಲ್ಲಿಯೇ. ಪಾಠಕ್ಕಾಗಿ ಪ್ರತಿ ಮಾಡುವಾಗ ಕಾನೂನು ನೋಡುವುದು ಉದ್ದೇಶವನ್ನು. ಆಟ ಆಡುವಾಗ ನೋಡುವುದು ಪ್ರೇಕ್ಷಕರನ್ನು. ಸಂಸ್ಥೆಯ ಸಿಬ್ಬಂದಿ, ವಿದ್ಯಾರ್ಥಿಗಳು, ಅವರ ತಂದೆತಾಯಿಗಳು ಮತ್ತು ಪೋಷಕರು, ಸಂಸ್ಥೆಯ ಚಟುವಟಿಕೆಗಳೊಡನೆ ನೇರ ಸಂಬಂಧವುಳ್ಳವರು: ಅಷ್ಟೇ. ಹೊರನಾಡಿನ ಕನ್ನಡ ವಿಭಾಗವೊಂದು ನಾಟಕ ಆಡಿದರೆ ಸಭಾಂಗಣ ತುಂಬುವವರು ಊರಿನ ಕನ್ನಡ ಸಂಘದವರು! ಆಗ ಈ ವಿನಾಯಿತಿ ದೊರೆಯದು. ಹವ್ಯಾಸಿ ಸಂಘವೊಂದು ಹಣ ಪಡೆಯದೆ ಆಡುವ ಪ್ರದರ್ಶನಕ್ಕೆ ಬೇರೊಂದು ವಿನಾಯಿತಿಯುಂಟು. ಟಿಕೆಟ್ಟು ಮಾರಿದರೆ ಅದೂ ತಪ್ಪುತ್ತದೆ.

ವಿಮರ್ಶಕನಿಗೆ ಉಳಿಯುವ ತೊಡಕು ಬೇರೆಯದು. ಬಡಗುತಿಟ್ಟಿನ ಹೆಜ್ಜೆ, ಮದ್ದಳೆಯ ನುಡಿತ, ಭಾಗವತರ ಮಟ್ಟು ಇವು ಯಾರೊಬ್ಬರ ಸ್ವತ್ತೂ ಅಲ್ಲ. ಇವುಗಳಲ್ಲಿ ಕಾರಂತರು ಆಯ್ದುದೆಷ್ಟು, ಹೊಸದಾಗಿ ಹೊಂದಿಸಿದುದೆಷ್ಟು ಎಂಬುದನ್ನು ಪ್ರಸಂಗ ಪ್ರಸಂಗವಾಗಿ ಬಿಡಿಸಿ ತೋರಿಸುವುದು ನ್ಯಾಯವಾದಿಗಳ ಕೆಲಸವಲ್ಲ, ರಂಗಭೂಮಿಯ ಸಂಶೋಧಕರದು. 1997ರಲ್ಲಿ ನಿಧನರಾದ ಕಾರಂತರ ಕೃತಿಗಳ ಸ್ವಾಮ್ಯ 2057ರ ಕೊನೆಯವರೆಗೂ ಇರುವುದರಿಂದ ಈ ಪ್ರಶ್ನೆ ಮತ್ತೆ ಏಳುವ ಸಂಭವ ಉಂಟು.