‘ತುಘಲಕ್’ ನಾಟಕದ ಮೊದಲ ದೃಶ್ಯ

ಗಿರೀಶ ಕಾರ್ನಾಡರ ‘ತುಘಲಕ್’ (೧೯೬೪) ನಾಟಕದ ಮಾತು ಬಂದಾಗಲೆಲ್ಲ ಚದುರಂಗವನ್ನೋ ದೌಲತಾಬಾದಿನ ಕೋಟೆಯನ್ನೋ ಸಂಕೇತಗಳೆಂದು ಎತ್ತಿ ತೋರಿಸುವುದು ವಾಡಿಕೆ. ಮೊದಲ ದೃಶ್ಯವನ್ನು ಬರಿಯ ಪೀಠಿಕೆಯೆಂದು ದಾಟಿಬಿಡುತ್ತೇವೆ. ಇಡೀ ನಾಟಕದ ಬೀಜ ಅಲ್ಲಿಯೇ ಬಿದ್ದಿದೆಯೆಂದು ನನ್ನ ಎಣಿಕೆ.

೧೩೨೭ರ ದಿಲ್ಲಿ. ನ್ಯಾಯಾಲಯದ ಮುಂದೆ ಜನ ನೆರೆದಿದ್ದಾರೆ. ಅವರಿಗೆ ಹೆಸರುಗಳಿಲ್ಲ, ಮುದುಕ, ತರುಣ, ಒಬ್ಬ ಹಿಂದೂ, ಅಷ್ಟೆ. ದೊರೆಯೇ ತನ್ನ ತಪ್ಪನ್ನು ಸಾರಿಕೊಳ್ಳುವುದೆಂದರೆ ಮುದುಕನಿಗೆ ಲೋಕವೇ ತಲೆಕೆಳಗಾದಂತೆ. ಐದು ಹೊತ್ತಿನ ನಮಾಜನ್ನು ಕಡ್ಡಾಯ ಮಾಡಿದ ಸುಲ್ತಾನನೆಂದು ತರುಣನಿಗೆ ಹೆಮ್ಮೆ. ಆ ಹಿಂದೂವಿನ ನಿಲುವಂತೂ ಮಾರ್ಮಿಕ: ಒದ್ದು ಜಿಜಿಯಾ ಕೀಳುವವನ ಬಗ್ಗೆ ಅವನಿಗೆ ಅಳುಕಿಲ್ಲ, ನೀನೂ ಮನುಷ್ಯನೆಂದು ಹತ್ತಿರ ಬರುವವನನ್ನು ಕಂಡರೆ ಭಯ. ಹೀಗೆ ಸುಲ್ತಾನ ರಂಗಕ್ಕೆ ಬರುವ ಮೊದಲೇ ಅವನ ಸೋಲು ನಮಗೆ ಕೇಳಿಸಿರುತ್ತದೆ.

ಬ್ರಾಹ್ಮಣ ವಿಷ್ಣುಪ್ರಸಾದನಿಗೆ ಸುಲ್ತಾನನ ವಿರುದ್ಧವೇ ತೀರ್ಪು ಸಿಗುತ್ತದೆ. ೫೦೦ ಬೆಳ್ಳಿಯ ದಿನಾರುಗಳು, ಮೇಲೆ ಸರಕಾರಿ ನೌಕರಿ. ಈ ತೀರ್ಪನ್ನೇ ಮೆಟ್ಟಿಲು ಮಾಡಿಕೊಂಡು ಸುಲ್ತಾನ ರಾಜಧಾನಿಯ ಬದಲಾವಣೆಯನ್ನು ಸಾರುತ್ತಾನೆ. ಜನ ಚದುರಿದ ಮೇಲೆ ಬ್ರಾಹ್ಮಣ ವೇಷ ಕಳಚುತ್ತದೆ. ಒಳಗಿದ್ದವನು ಅಗಸರ ಅಜೀಜ್! ಮುಸಲ್ಮಾನನೇ ಫಿರ್ಯಾದಿಯಾಗಿದ್ದರೆ ಈ ನ್ಯಾಯಕ್ಕೆ ಮೆರುಗು ಬರುತ್ತಿರಲಿಲ್ಲ ಎಂಬುದು ಅವನ ಲೆಕ್ಕ. ಸುಲ್ತಾನನ ಔದಾರ್ಯಕ್ಕೆ ಪ್ರೇಕ್ಷಕರು ಬೇಕು, ತಕ್ಕ ವೇಷ ಹಾಕಿದವನೊಬ್ಬ ಎದುರಿಗೆ ಬೇಕು ಎಂದು ಬರನಿಗಿಂತ, ನಜೀಬನಿಗಿಂತ ಮೊದಲು ಅರಿತವನು ಈ ಕಳ್ಳ. ಅವನನ್ನು ವಿದೂಷಕನೆಂದು ಕರೆದು ಕೈತೊಳೆದುಕೊಳ್ಳುವ ವಿಮರ್ಶೆ ನನಗೆ ಒಪ್ಪಿಗೆಯಿಲ್ಲ. ಇಲ್ಲಿ ಸುಲ್ತಾನ ತಿಳಿಯದೆ ಅವನನ್ನು ಪುರಸ್ಕರಿಸುತ್ತಾನೆ. ಹದಿಮೂರನೆಯ ದೃಶ್ಯದಲ್ಲಿ ಎಲ್ಲವನ್ನೂ ತಿಳಿದೇ ಅಧಿಕಾರ ಕೊಡುತ್ತಾನೆ. ಈ ಎರಡು ಪುರಸ್ಕಾರಗಳ ನಡುವೆ ಒಬ್ಬ ಮನುಷ್ಯ ಬೆಂದುಹೋಗಿದ್ದಾನೆ.

ನಮಾಜಿನ ಸಂಕೇತವೂ ಇಲ್ಲಿಂದಲೇ ಹೊರಡುತ್ತದೆ. ತರುಣನ ಬಾಯಲ್ಲಿ ಅದು ಹೆಮ್ಮೆ. ಸುಲ್ತಾನನ ತಂದೆ, ಸೋದರರು ಸತ್ತದ್ದೂ ನಮಾಜಿನ ಹೊತ್ತಿನಲ್ಲಿ ಎಂಬ ಪಿಸುಮಾತು ಇದೇ ಗುಂಪಿನಲ್ಲಿ ಹಬ್ಬುತ್ತದೆ. ಆರನೆಯ ದೃಶ್ಯದಲ್ಲಿ ಅದೇ ಹೊತ್ತಿಗೆ ಕಠಾರಿಗಳು ಹೊರಬರುತ್ತವೆ. ಕೊನೆಗೆ ಬಾಂಗಿನ ಕರೆ ಕೇಳಿಬರುವಾಗ ಸುಲ್ತಾನನಿಗೆ ಜೊಂಪು ಹತ್ತಿದೆ.

ಶೇಖ್ ಇಮಾಮುದ್ದೀನನ ಸುದ್ದಿ ಮಾತ್ರ ಇಲ್ಲಿ ತುಸು ತುರುಕಿದಂತಿದೆ, ಮುಂದಿನ ಕಥೆಗೆ ಬೇಕೆಂದು ತಂದಿಟ್ಟ ಸಾಮಾನಿನ ಹಾಗೆ. ಅದು ದೊಡ್ಡ ದೋಷವೇನಲ್ಲ. ಹೆಚ್ಚು ನಷ್ಟವಾಗುವುದು ಪ್ರಯೋಗದಲ್ಲಿ. ನಮ್ಮ ಹವ್ಯಾಸಿ ತಂಡಗಳು ಸುಲ್ತಾನನಿಗೊಬ್ಬ ಕಂಠಶ್ರೀಯುಳ್ಳ ನಟನನ್ನು ಹುಡುಕಿ, ಗುಂಪಿಗೆ ಕೈಗೆ ಸಿಕ್ಕವರನ್ನು ನಿಲ್ಲಿಸುತ್ತವೆ. ಆ ಹಿಂದೂವಿನ ನಾಲ್ಕು ಮಾತು ಗದ್ದಲದಲ್ಲಿ ಮುಳುಗಿದರೆ, ಮುಂದೆ ದಿಲ್ಲಿಯ ಜನ ಸುಲ್ತಾನನನ್ನು ಏಕೆ ನಂಬಲಿಲ್ಲ ಎಂಬುದೇ ಪ್ರೇಕ್ಷಕನಿಗೆ ತಿಳಿಯುವುದಿಲ್ಲ.