ಕಲ್ಲಚ್ಚಿನ ಶಕುಂತಲೆ

ರಾಜಾ ರವಿವರ್ಮನನ್ನು ಕುರಿತು ಬರೆದ ವಿಮರ್ಶಕರು ಬಹುಮಟ್ಟಿಗೆ ಆತನ ತೈಲಚಿತ್ರಗಳನ್ನೇ ವಿಚಾರಿಸಿರುವರು. ಆದರೆ ಬೀದರ, ಭಾಲ್ಕಿ, ಔರಾದಗಳ ಹಳೆಯ ಮನೆಗಳವರು ಆತನನ್ನು ಬಲ್ಲುದು ಪಡಸಾಲೆಯ ಗೋಡೆಯಲ್ಲಿ ಗಾಜಿನ ಚೌಕಟ್ಟಿನೊಳಗೆ ತೂಗುವ ಕಲ್ಲಚ್ಚಿನ ಪಟಗಳಿಂದ. ಪಟದ ಲಕ್ಷ್ಮೀ ಸರಸ್ವತಿಯರಿಗೆ ಜರಿಯನ್ನೂ ಬಟ್ಟೆಯ ಚೂರುಗಳನ್ನೂ ಅಂಟಿಸಿ ಸೀರೆ ಉಡಿಸಿದವರೂ ಉಂಟು. ಅಂಥವೇ ಪಟಗಳು ಇಂದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿಯೂ ಲಂಡನ್ನಿನ ವೆಲ್‌ಕಮ್ ಸಂಗ್ರಹದಲ್ಲಿಯೂ ಜೋಪಾನವಾಗಿವೆ. ಇಲ್ಲಿ ಗೆದ್ದಲಿಗೆ ಬಿಟ್ಟ ವಸ್ತುವು ಅಲ್ಲಿ ಸಂಗ್ರಾಹ್ಯವಾದ ಮೇಲೆ, ಪಟವೆಂಬುದು ಚಿತ್ರದ ನೆರಳು ಮಾತ್ರವೋ ಅಥವಾ ತಾನೇ ಒಂದು ಕೃತಿಯೋ ಎಂಬುದನ್ನು ವಿಚಾರಿಸುವುದು ಯುಕ್ತವಾಗಿದೆ.

1894ರಲ್ಲಿ ರವಿವರ್ಮನು ಮುಂಬಯಿಯಲ್ಲಿ ಜರ್ಮನ್ ಕುಶಲಿಗಳ ನೆರವಿನಿಂದ ಶಿಲಾಮುದ್ರಣಾಲಯವನ್ನು ಸ್ಥಾಪಿಸಿದನು. ಅದು ಮುಂದೆ ಲೋಣಾವಳದ ಬಳಿಯ ಮಳವಲಿಗೆ ಹೋಯಿತು. ಬಳಿಕ ಷ್ಲೈಖರನೆಂಬ ಜರ್ಮನನ ಕೈಸೇರಿತು. ಅಲ್ಲಿ ಮೊದಲು ಅಚ್ಚಾದುದು ‘ಶಕುಂತಲಾಜನ್ಮ’ವೆಂಬ ಪಟ.

ಈ ಅಚ್ಚಿನ ರಹಸ್ಯವು ಬೀದರದವರಿಗೆ ತೀರ ಅಪರಿಚಿತವಾದುದಲ್ಲ. ಬಿದರಿಯ ಕುಶಲಿಯು ಸತು ತಾಮ್ರಗಳ ಪಾತ್ರೆಯಲ್ಲಿ ಬೆಳ್ಳಿಯನ್ನು ಕೂಡಿಸಿ, ಹಳೆಯ ಕೋಟೆಯ ಮಣ್ಣನ್ನು ನವಸಾಗರದೊಡನೆ ಕಲಸಿ ತಿಕ್ಕುವನು. ಪಾತ್ರೆಯ ಮೈ ಕಪ್ಪಾಗುವುದು, ಬೆಳ್ಳಿಯು ಮಾತ್ರ ಬೆಳ್ಳಗೆ ಉಳಿಯುವುದು. ಒಂದೇ ಲೇಪವು ಒಂದನ್ನು ಹಿಡಿದು ಇನ್ನೊಂದನ್ನು ಬಿಡುವುದೇ ಆ ಕಲೆಯ ಮರ್ಮ. 1796ರ ಸುಮಾರಿಗೆ ಬವೇರಿಯದ ಸೆನೆಫೆಲ್ಡರನು ಕಂಡುಹಿಡಿದ ಕಲ್ಲಚ್ಚೂ ಹೀಗೆಯೇ. ನಯವಾದ ಸುಣ್ಣಗಲ್ಲಿನ ಮೇಲೆ ಜಿಡ್ಡಿನ ಕಡ್ಡಿಯಿಂದ ಬರೆದು ಕಲ್ಲನ್ನು ನೀರಿನಿಂದ ತೋಯಿಸಿದರೆ, ಮಸಿಯು ಜಿಡ್ಡಿಗೆ ಹತ್ತುವುದು, ತೋಯ್ದ ಕಲ್ಲಿಗೆ ಹತ್ತದು. ಬಣ್ಣದ ಪಟವಾದರೆ ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು. ಮೂಲಚಿತ್ರವನ್ನು ಚುಕ್ಕೆಚುಕ್ಕೆಯಾಗಿ ಆ ಕಲ್ಲುಗಳಿಗೆ ಇಳಿಸುವವನು ಬೇರೆಯವನು. ಆದುದರಿಂದ ಪಟದ ಮೇನಕೆಯ ಮುಖವನ್ನು ಹೊಗಳುವಾಗಲೂ ತೆಗಳುವಾಗಲೂ ರವಿವರ್ಮನ ಹೆಸರೊಂದನ್ನೇ ಹಿಡಿಯುವುದು ಸರಿಯಲ್ಲ. ಬಿದರಿಯ ಹೂಜಿಗಳ ಕೆಳಗೂ ಕೆತ್ತಿದವನ ಹೆಸರು ಸಾಮಾನ್ಯವಾಗಿ ಇರುವುದಿಲ್ಲವಷ್ಟೆ.

ಇನ್ನು ಪಟದ ವಸ್ತು. ಮೇನಕೆಯು ಶಿಶುವನ್ನು ಎತ್ತಿ ತೋರುತ್ತಿರುವಳು. ವಿಶ್ವಾಮಿತ್ರನು ಕೈಯನ್ನು ಅಡ್ಡವಾಗಿ ಎತ್ತಿ ಮುಖ ತಿರುಗಿಸಿರುವನು. ಇದನ್ನು ನೋಡಿ ಬೆಳೆದವರು ಇದೇ ಪುರಾಣವೆಂದು ನಂಬಿರುವರು. ಆದಿಪರ್ವದಲ್ಲಾದರೋ ಈ ಸಂದರ್ಭವೇ ಇಲ್ಲ. ಅಲ್ಲಿ ಮೇನಕೆಯು ಕೂಸನ್ನು ಮಾಲಿನೀ ನದಿಯ ತೀರದಲ್ಲಿ ಬಿಟ್ಟು ಇಂದ್ರಸಭೆಗೆ ಹೊರಟುಹೋಗುವಳು. ನಿರ್ಜನವಾದ ಕಾಡಿನಲ್ಲಿ ಹಕ್ಕಿಗಳು ಸುತ್ತುವರಿದು ಅದನ್ನು ಕಾಯುವುವು. ಕಣ್ವರು ಕಂಡು ಎತ್ತಿಕೊಳ್ಳುವರು. ಕಾಳಿದಾಸನು ಇನ್ನೂ ಮಿತಭಾಷಿ. ಪ್ರಥಮಾಂಕದಲ್ಲಿ ಅನಸೂಯೆಯು ಈ ಕಥೆಯನ್ನು ಹೇಳುತ್ತ ಲಜ್ಜೆಯಿಂದ ನಡುವೆಯೇ ನಿಲ್ಲಿಸುವಳು, ರಾಜನು ಉಳಿದುದನ್ನು ತಾನೇ ತಿಳಿದುಕೊಳ್ಳುವನು. ಕವಿಯು ಹೇಳದೆ ಬಿಟ್ಟ ಎಡೆಯಲ್ಲಿ ಚಿತ್ರಕಾರನು ತನ್ನ ಮಾತನ್ನು ತುಂಬಿದನು.

ಮೂಲದಲ್ಲಿ ಇಲ್ಲವೆಂಬ ಮಾತ್ರಕ್ಕೆ ಇದನ್ನು ದೋಷವೆನ್ನುವ ಶಾಸ್ತ್ರಿಗಳು ಆತುರಪಡುತ್ತಾರೆ. ಮಹಾಭಾರತದಲ್ಲಿ ಇಲ್ಲದ ಶಾಪವನ್ನೂ ಉಂಗುರವನ್ನೂ ನಾಟಕಕ್ಕೆ ತಂದ ಕಾಳಿದಾಸನನ್ನು ಅವರು ಏಕೆ ದೂರುವುದಿಲ್ಲ? ಪಂಚಮಾಂಕದಲ್ಲಿ ಗರ್ಭಿಣಿಯಾದ ಶಕುಂತಲೆ ಸಭೆಯಲ್ಲಿ ನಿಂತಾಗ ದುಷ್ಯಂತನು ಆಕೆಯನ್ನು ಅರಿಯೆನೆನ್ನುವನು. ಪಟವನ್ನು ನೋಡಿದವನಿಗೆ ಆ ನಿರಾಕರಣವು ಎರಡನೆಯದು; ಗಂಡನು ಒಲ್ಲೆನೆನ್ನುವುದಕ್ಕೆ ಎಷ್ಟೋ ಮೊದಲು ತಂದೆಯು ಒಲ್ಲೆನೆಂದಿರುವನು. ವಿಶ್ವಾಮಿತ್ರನ ಆ ಒಂದು ಕೈ ನಾಟಕಕ್ಕೆ ಬರೆದ ವ್ಯಾಖ್ಯಾನವಾಗಿದೆ, ಮತ್ತು ಹಲವು ಟೀಕೆಗಳಿಗಿಂತ ಚೆನ್ನಾದ ವ್ಯಾಖ್ಯಾನ. ತಪಸ್ಸಿನ ಹೆಸರಿನಲ್ಲಿ ಮಗುವನ್ನು ಬಿಟ್ಟವನ ಮುಖವನ್ನು ಪಟವು ಮನೆಮನೆಯ ಗೋಡೆಯ ಮೇಲೆ ತಂದು ನಿಲ್ಲಿಸಿತು. ಗಂಡುಮಗುವನ್ನೇ ಬಯಸುವ ಮನೆಗಳಲ್ಲಿ ಆ ಪಟವನ್ನು ಪ್ರತಿದಿನವೂ ನೋಡಿದ ಸೊಸೆಯಂದಿರು ಏನನ್ನು ಕಂಡರೋ, ಅದನ್ನು ಯಾವ ಟೀಕಾಕಾರನೂ ಬರೆದಿಲ್ಲ.

ಚಿತ್ರದ ನಿಜವಾದ ನ್ಯೂನತೆ ಬೇರೊಂದಿದೆ. ತೈಲಚಿತ್ರವೊಂದೇ ಆಗಿದ್ದರೆ ಅದು ಅರಮನೆಯ ಕೆಲವರ ಮುಂದಿನ ಒಂದು ಕಲ್ಪನೆಯಾಗಿ ಉಳಿಯುತ್ತಿತ್ತು. ಕಲ್ಲಚ್ಚು ಅದನ್ನು ಅಸಂಖ್ಯ ಪ್ರತಿಗಳಲ್ಲಿ ಊರೂರಿಗೆ ಹಂಚಿತು, ಹಂಚಿದಂತೆ ಕಲ್ಪನೆಯೇ ಪಾಠವಾಯಿತು. ತಿರಸ್ಕಾರದ ಕಥೆ ನಿಂತಿತು, ರಕ್ಷಣೆಯ ಕಥೆ ಮರೆಯಾಯಿತು. ಶಕುಂತಗಳು, ಎಂದರೆ ಹಕ್ಕಿಗಳು, ಕಾಪಾಡಿದುದರಿಂದ ಆಕೆ ಶಕುಂತಲೆ. ಈ ಪಟವನ್ನು ಮಾತ್ರ ಬಲ್ಲ ಔರಾದದ ಹುಡುಗಿಯೊಬ್ಬಳು ಆ ಹೆಸರು ಹೇಗೆ ಬಂತೆಂದು ಕೇಳಿದರೆ, ತಾಯಿಯ ಕೈಯಲ್ಲಿರುವ ಕೂಸನ್ನು ತೋರಿಸಿ ಯಾರೂ ಉತ್ತರ ಹೇಳಲಾರರು.