ಹಡಗಿನಲ್ಲಿ ಒಳ್ಳೆಯ ವೈನ್‌ಗೆ ಎಷ್ಟು ಕೊಡಬೇಕು?

ವಿಹಾರಕ್ಕೆಂದೇ ಕಟ್ಟಿದ ಕ್ರೂಸ್ ಹಡಗುಗಳಲ್ಲಿ ಕುಡಿದಷ್ಟಕ್ಕೆ ಬಿಲ್ಲು ಕಟ್ಟುವ ಹಳೆಯ ಪದ್ಧತಿಯ ಪಕ್ಕದಲ್ಲೇ ‘ಡ್ರಿಂಕ್ಸ್ ಪ್ಯಾಕೇಜ್’ ಎಂಬ ಇನ್ನೊಂದು ಪದ್ಧತಿ ಬೇರೂರಿದ್ದು, ಅದರಲ್ಲಿ ಪ್ರಯಾಣಿಕರು ದಿನಕ್ಕೆ ಇಷ್ಟು ಡಾಲರ್ ಎಂದು ಮೊದಲೇ ಪಾವತಿಸಿ, ಪ್ರಯಾಣ ಮುಗಿಯುವವರೆಗೆ ಬೇಕೆಂದಾಗ ಬೇಕಾದ ಪಾನೀಯವನ್ನು ತರಿಸಿಕೊಳ್ಳುತ್ತಾರೆ. ಈ ಪ್ಯಾಕೇಜ್ ಅನೇಕ ಕಂಪನಿಗಳಲ್ಲಿ ಎರಡು ದರ್ಜೆಗಳಲ್ಲಿ ಸಿಗುತ್ತದೆ. ಎರಡಕ್ಕೂ ಇರುವ ಮುಖ್ಯ ವ್ಯತ್ಯಾಸವೆಂದರೆ ಒಂದು ಗ್ಲಾಸಿನ ಬೆಲೆಗೆ ಹಾಕಿರುವ ಮೇಲ್ಮಿತಿ. ಸೆಲೆಬ್ರಿಟಿ ಕಂಪನಿಯ ‘ಕ್ಲಾಸಿಕ್’ ಪ್ಯಾಕೇಜಿನ ಮಿತಿ ಇತ್ತೀಚಿನ ವರ್ಷಗಳಲ್ಲಿ ಗ್ಲಾಸಿಗೆ 10 ಡಾಲರ್, ‘ಪ್ರೀಮಿಯಂ’ ಪ್ಯಾಕೇಜಿನದು 17 ಡಾಲರ್ ಇತ್ತು. ಪ್ರಿನ್ಸೆಸ್ ಕಂಪನಿಯ ಎರಡು ದರ್ಜೆಗಳಲ್ಲಿ ಅದು 15 ಮತ್ತು 20 ಡಾಲರ್ ಇತ್ತು. ಈ ಅಂಕಿಗಳು ಆಗಾಗ ಬದಲಾಗುತ್ತವೆ, ಆದರೆ ವೈನ್ ಪ್ರಿಯರ ಮುಂದಿರುವ ಪ್ರಶ್ನೆ ಬದಲಾಗುವುದಿಲ್ಲ: ಕೆಳಗಿನ ದರ್ಜೆಯಲ್ಲಿ ಸಿಗುವ ವೈನ್ ಸಾಧಾರಣವಾಗಿದೆ ಎಂಬ ಕಾರಣಕ್ಕೆ ದಿನದಿನವೂ ಹೆಚ್ಚುವರಿ ಹಣ ತೆತ್ತು ಮೇಲಿನ ದರ್ಜೆಗೆ ಏರಬೇಕೆ?

ಇದಕ್ಕೆ ಉತ್ತರ ಹುಡುಕುವವರು ದಿನಕ್ಕೆ ಎಷ್ಟು ಗ್ಲಾಸ್ ಕುಡಿದರೆ ಕೊಟ್ಟ ಹಣ ಗಿಟ್ಟುತ್ತದೆ ಎಂಬ ಲೆಕ್ಕಕ್ಕೆ ಕೈಹಾಕುವುದು ವಾಡಿಕೆ. ಪ್ಯಾಕೇಜ್ ಕೊಳ್ಳಬೇಕೋ ಬೇಡವೋ ಎಂಬುದನ್ನು ನಿರ್ಧರಿಸಲು ಆ ಲೆಕ್ಕ ಸಾಕು. ಒಂದು ದರ್ಜೆಯಿಂದ ಇನ್ನೊಂದಕ್ಕೆ ಏರುವ ನಿರ್ಧಾರಕ್ಕೆ ಸಾಲದು. ಅಲ್ಲಿ ಮೊದಲು ತಿಳಿಯಬೇಕಾದದ್ದು ಮಿತಿ ಮೀರಿದ ಗ್ಲಾಸಿಗೆ ಕಂಪನಿ ಹೇಗೆ ಬಿಲ್ಲು ಹಾಕುತ್ತದೆ ಎಂಬ, ಸಣ್ಣ ಅಕ್ಷರಗಳಲ್ಲಿ ಅಡಗಿರುವ ನಿಯಮ. ಕೆಲವು ಕಂಪನಿಗಳಲ್ಲಿ ಮಿತಿಯಾಚೆಗಿನ ವ್ಯತ್ಯಾಸವನ್ನಷ್ಟೇ ಕೊಟ್ಟರೆ ಸಾಕು. ಬೇರೆ ಕೆಲವು ಕಡೆ ಮಿತಿ ಒಂದು ಡಾಲರ್ ಮೀರಿದರೂ ಪ್ಯಾಕೇಜ್ ಆ ಗ್ಲಾಸಿನ ಮಟ್ಟಿಗೆ ನಿರರ್ಥಕವಾಗಿ, ಪೂರ್ಣ ಬೆಲೆಯನ್ನೋ ಒಂದಿಷ್ಟು ರಿಯಾಯಿತಿ ಕಳೆದ ಬೆಲೆಯನ್ನೋ ತೆರಬೇಕಾಗುತ್ತದೆ.

ಈ ಒಂದು ನಿಯಮ ಲೆಕ್ಕವನ್ನು ಎಷ್ಟರಮಟ್ಟಿಗೆ ತಿರುಗಿಸುತ್ತದೆಂಬುದನ್ನು ಕಲ್ಪಿತ ಉದಾಹರಣೆಯೊಂದರಿಂದ ನೋಡಬಹುದು. ಮೇಲಿನ ದರ್ಜೆಗೆ ದಿನಕ್ಕೆ 18 ಡಾಲರ್ ಹೆಚ್ಚು, ಅದರ ಮೇಲೆ ಶೇ 20ರಷ್ಟು ಸೇವಾ ಶುಲ್ಕ ಎಂದಿಟ್ಟುಕೊಂಡರೆ ದಿನದ ಹೆಚ್ಚುವರಿ ಖರ್ಚು 21.60 ಡಾಲರ್. ಕೆಳಗಿನ ದರ್ಜೆಯ ಮಿತಿ 10 ಡಾಲರ್ ಆಗಿದ್ದು, ಬಯಸಿದ ವೈನಿನ ಬೆಲೆ 15 ಡಾಲರ್ ಇದ್ದರೆ, ವ್ಯತ್ಯಾಸವನ್ನಷ್ಟೇ ವಸೂಲು ಮಾಡುವ ಹಡಗಿನಲ್ಲಿ ಪ್ರತಿ ಗ್ಲಾಸಿಗೆ ಸೇವಾ ಶುಲ್ಕ ಸೇರಿ 6 ಡಾಲರ್ ಬೀಳುತ್ತದೆ. ಅಂದರೆ ದರ್ಜೆ ಏರಿಸಿದ್ದು ಗಿಟ್ಟಬೇಕಾದರೆ ಅಂಥ ದುಬಾರಿ ವೈನನ್ನು ದಿನಕ್ಕೆ ನಾಲ್ಕು ಗ್ಲಾಸ್ ಕುಡಿಯಬೇಕು. ಒಂದು ಗ್ಲಾಸಿಗೆ 150 ಮಿಲಿಲೀಟರ್ ಸುರಿಯುವ ರೂಢಿಯಲ್ಲಿ 750 ಮಿಲಿಲೀಟರಿನ ಬಾಟಲಿಯಿಂದ ಐದು ಗ್ಲಾಸ್ ಬರುವುದರಿಂದ, ಇದು ಪ್ರತಿದಿನವೂ ಬಾಟಲಿಯ ಐದರಲ್ಲಿ ನಾಲ್ಕು ಪಾಲನ್ನು ಒಬ್ಬರೇ ಮುಗಿಸಿದಂತೆ. ಅಷ್ಟು ಕುಡಿದ ನಾಲಿಗೆಗೆ ನಾಲ್ಕನೆಯ ಗ್ಲಾಸಿನಲ್ಲಿ 15 ಡಾಲರಿನದ್ದಿದೆಯೋ 10 ಡಾಲರಿನದ್ದಿದೆಯೋ ತಿಳಿಯುವುದು ಅನುಮಾನ. ಅದೇ, ಪೂರ್ಣ ಬೆಲೆ ವಸೂಲು ಮಾಡುವ ಹಡಗಿನಲ್ಲಿ ಒಂದೊಂದು ಗ್ಲಾಸಿಗೆ 18 ಡಾಲರ್ ಬೀಳುವುದರಿಂದ ದಿನಕ್ಕೆ ಎರಡೇ ಗ್ಲಾಸಿಗೆ ಮೇಲಿನ ದರ್ಜೆ ಲಾಭಕರವಾಗುತ್ತದೆ. ವೈನ್ ಒಂದೇ, ಬೆಲೆಯೂ ಒಂದೇ. ಆದರೂ ಎರಡು ಹಡಗುಗಳಲ್ಲಿ ತೀರ್ಮಾನ ಒಂದಕ್ಕೊಂದು ವಿರುದ್ಧ.

ಲೆಕ್ಕ ಮುಗಿದ ಮೇಲೆ ರುಚಿಯ ವಿಚಾರ. ಕೆಳಗಿನ ದರ್ಜೆಯ ವೈನ್ ಕೆಟ್ಟದ್ದೇನಲ್ಲ, ಆದರೆ ಅದಕ್ಕೆ ಊರಿನ ಗುರುತು ಕಡಿಮೆ. ಸಾವಿರಾರು ಪ್ರಯಾಣಿಕರನ್ನು ಹೊತ್ತ ಹಡಗುಗಳಿಗೆ ಬೇರೆ ಬೇರೆ ಸಮುದ್ರಗಳಲ್ಲಿ, ವರ್ಷವಿಡೀ, ಒಂದೇ ಹೆಸರಿನ ವೈನನ್ನು ಒಂದೇ ರುಚಿಯಲ್ಲಿ ಒದಗಿಸಬೇಕಾದರೆ ಅದನ್ನು ಬಹುದೊಡ್ಡ ಉತ್ಪಾದಕರಿಂದಲೇ ಕೊಳ್ಳಬೇಕಾಗುತ್ತದೆ. ಅಂಥವರು ಹಲವು ತೋಟಗಳ ದ್ರಾಕ್ಷಿಯನ್ನು ಬೆರೆಸಿ, ಟ್ಯಾನಿನ್ ಎಂಬ ಸಿಪ್ಪೆಯ ಅಂಶದಿಂದ ಬರುವ ಒಗರನ್ನು ತಗ್ಗಿಸಿ, ಯಾರಿಗೂ ಮುಖ ಹುಳ್ಳಗಾಗದಂತೆ ಕೆಂಪು ವೈನಿನಲ್ಲಿಯೂ ತುಸು ಸಿಹಿ ಉಳಿಸುವುದುಂಟು. ಸಣ್ಣ ತೋಟವೊಂದರ ವೈನ್ ಎಷ್ಟೇ ಸೊಗಸಾಗಿದ್ದರೂ ಇಡೀ ಹಡಗುಪಡೆಗೆ ಸಾಲುವಷ್ಟು ಇರುವುದಿಲ್ಲವಾದ್ದರಿಂದ ಅದು ಗ್ಲಾಸಿನ ಪಟ್ಟಿಗಿಂತ ಬಾಟಲಿಯ ಪಟ್ಟಿಯಲ್ಲಿ ಕಾಣಿಸುವ ಸಾಧ್ಯತೆಯೇ ಹೆಚ್ಚು.

ಮೇಲಿನ ದರ್ಜೆಯ ಹೆಚ್ಚುವರಿ ಹಣಕ್ಕೆ ಎಲ್ಲ ಬಗೆಯ ವೈನ್‌ಗಳಲ್ಲಿ ಸಮಾನ ಪ್ರತಿಫಲ ಸಿಗುತ್ತದೆಂದು ಭಾವಿಸುವುದು ತಪ್ಪು. ಅಂತರ ಎದ್ದು ಕಾಣುವುದು ನೊರೆಯುಕ್ಕುವ ವೈನ್‌ಗಳಲ್ಲಿ. ಕೆಳಗಿನ ದರ್ಜೆಯಲ್ಲಿ ಸಾಮಾನ್ಯವಾಗಿ ಸಿಗುವ ಇಟಲಿಯ ಪ್ರೊಸೆಕ್ಕೋ ಮುಚ್ಚಿದ ದೊಡ್ಡ ತೊಟ್ಟಿಗಳಲ್ಲಿ ಎರಡನೆಯ ಬಾರಿ ಹುದುಗಿ ಗುಳ್ಳೆ ಪಡೆದು ಬೇಗನೆ ಮಾರುಕಟ್ಟೆಗೆ ಬರುತ್ತದೆ. ಫ್ರಾನ್ಸಿನ ಶಾಂಪೇನ್ ಪ್ರಾಂತ್ಯದ ವೈನಾದರೋ ಅದೇ ಎರಡನೆಯ ಹುದುಗುವಿಕೆಯನ್ನು ಒಂದೊಂದು ಬಾಟಲಿಯೊಳಗೇ ನಡೆಸಿ, ಸತ್ತ ಯೀಸ್ಟಿನ ಗಸಿಯೊಂದಿಗೆ ನೆಲಮಾಳಿಗೆಯಲ್ಲಿ ಮಲಗಿರುತ್ತದೆ. ವರ್ಷ ನಮೂದಿಸದ ಶಾಂಪೇನ್ ಕೂಡ ಕನಿಷ್ಠ 15 ತಿಂಗಳು ನೆಲಮಾಳಿಗೆಯಲ್ಲಿ ಕಾಯಲೇಬೇಕೆಂಬ ನಿಯಮವಿದ್ದು, ವರ್ಷ ನಮೂದಿಸಿದ್ದಕ್ಕೆ ಆ ಅವಧಿ ಮೂರು ವರ್ಷ. ಆಗತಾನೇ ಸುಟ್ಟ ಬ್ರೆಡ್ಡಿನಂಥ ಅದರ ಪರಿಮಳ ಬರುವುದು ಈ ಕಾಯುವಿಕೆಯಿಂದ, ತೊಟ್ಟಿಯ ವೈನಿಗೆ ಅದು ಬರುವಂತಿಲ್ಲ. ಸಂಜೆಗೊಂದು ಶಾಂಪೇನ್ ಬೇಕೇಬೇಕೆನ್ನುವವರಿಗೆ ಮೇಲಿನ ದರ್ಜೆ ನಿಜವಾದ ಬೇರೊಂದು ವಸ್ತುವನ್ನು ಕೊಡುತ್ತದೆ, ಬರಿಯ ಹೆಸರನ್ನಲ್ಲ.

ಎರಡನೆಯದು ಪಿನೋ ನ್ವಾರ್. ತೆಳು ಸಿಪ್ಪೆಯ, ಬೇಗ ಚಿಗುರುವುದರಿಂದ ವಸಂತದ ಹಿಮಕ್ಕೆ ಸುಲಭವಾಗಿ ಬಲಿಯಾಗುವ ಈ ಕೆಂಪು ದ್ರಾಕ್ಷಿ, ಹೆಚ್ಚು ಇಳುವರಿ ತೆಗೆಯಹೋದರೆ ಸಪ್ಪೆಯಾಗಿಬಿಡುತ್ತದೆ. ಅಮೆರಿಕದ ನಿಯಮದ ಪ್ರಕಾರ ಬಾಟಲಿಯ ಮೇಲೆ ದ್ರಾಕ್ಷಿಯ ಹೆಸರು ಹಾಕಲು ಆ ದ್ರಾಕ್ಷಿ ಶೇ 75ರಷ್ಟಿದ್ದರೆ ಸಾಕು. ಆದ್ದರಿಂದ ಅಗ್ಗದ ಪಿನೋ ನ್ವಾರ್ ಗಾಢ ಬಣ್ಣದ್ದಾಗಿ ಕಂಡರೆ ಉಳಿದ ಕಾಲುಭಾಗದಲ್ಲಿ ಯಾವ ದ್ರಾಕ್ಷಿ ಇದೆಯೆಂದು ಸಂಶಯಪಡುವುದರಲ್ಲಿ ತಪ್ಪಿಲ್ಲ. ಬರ್ಗಂಡಿಯ ಉತ್ತರ ತುದಿಯ ಶಾಬ್ಲಿ, ಲುವಾರ್ ಕಣಿವೆಯ ಸಾನ್ಸೇರ್ ಮುಂತಾದ ಬಿಳಿ ವೈನ್‌ಗಳ ಮಾತೂ ಹೆಚ್ಚುಕಡಿಮೆ ಇದೇ. ಆದರೆ ಅರ್ಜೆಂಟೀನಾದ ಮಾಲ್ಬೆಕ್, ರೋನ್ ಕಣಿವೆಯ ಸಾಧಾರಣ ಕೆಂಪು, ನ್ಯೂಜಿಲೆಂಡಿನ ಮಾರ್ಲ್‌ಬರೋ ಪ್ರಾಂತ್ಯದ ಸೋವಿನ್ಯೋ ಬ್ಲಾಂಕ್ ಇವು ಅಗ್ಗದ ಬೆಲೆಯಲ್ಲೇ ತಮ್ಮ ಗುಣವನ್ನು ಬಹುಪಾಲು ಬಿಟ್ಟುಕೊಡುವ ವೈನ್‌ಗಳು. ನಂದಿಬೆಟ್ಟದ ತಪ್ಪಲಿನ ಗ್ರೋವರ್ ತೋಟದ ‘ಲಾ ರಿಸರ್ವ್’ನಂಥ ಕ್ಯಾಬರ್ನೆ–ಶಿರಾಜ್ ಮಿಶ್ರಣಕ್ಕೆ ನಾಲಿಗೆ ಒಗ್ಗಿರುವ ಬೆಂಗಳೂರಿನ ಓದುಗರಿಗೆ ಇವುಗಳಲ್ಲಿನ ಕೆಂಪು ವೈನ್‌ಗಳ ತುಂಬುತನ ಹಿಡಿಸುವ ಸಂಭವವೇ ಹೆಚ್ಚು, ಮತ್ತು ಹಿಡಿಸಿದರೆ ದರ್ಜೆ ಏರಿಸುವ ಅಗತ್ಯವೇ ಬೀಳುವುದಿಲ್ಲ.

ಬಿರಡೆ ತೆಗೆದು ಎಷ್ಟು ಹೊತ್ತಾಯಿತೆಂಬುದು ಬೆಲೆಯಷ್ಟೇ ಮುಖ್ಯ. ತೆರೆದ ಬಾಟಲಿಯೊಳಗಿನ ವೈನ್ ಗಾಳಿಯ ಆಮ್ಲಜನಕದೊಡನೆ ಬೆರೆತು ಒಂದೆರಡು ದಿನಗಳಲ್ಲಿ ಹಣ್ಣಿನ ಪರಿಮಳ ಕಳೆದುಕೊಳ್ಳುತ್ತದೆ. ಊಟದ ದೊಡ್ಡ ಹಜಾರದಲ್ಲಿ ನೂರಾರು ಜನ ಕೇಳುವ ಅಗ್ಗದ ವೈನ್ ಗಂಟೆಗೊಂದು ಬಾಟಲಿಯಂತೆ ಖಾಲಿಯಾಗುವುದರಿಂದ ಅದು ಬಹುತೇಕ ಹೊಸದಾಗಿಯೇ ಇರುತ್ತದೆ. ಯಾರೋ ಒಬ್ಬಿಬ್ಬರು ಮಾತ್ರ ಕೇಳುವ 16 ಡಾಲರಿನ ಗ್ಲಾಸಿನ ಬಾಟಲಿ ನಿನ್ನೆಯದೋ ಮೊನ್ನೆಯದೋ ಆಗಿರಬಹುದು, ಮತ್ತು ಹಾಗಾದಾಗ ಹೆಚ್ಚು ಹಣ ತೆತ್ತವರೇ ಹೆಚ್ಚು ಸಪ್ಪೆಯಾದದ್ದನ್ನು ಕುಡಿದಂತಾಗುತ್ತದೆ. 2013ರಲ್ಲಿ ಮಾರುಕಟ್ಟೆಗೆ ಬಂದ ಕೊರಾವಿನ್ ಎಂಬ ಉಪಕರಣ ಬಿರಡೆಯನ್ನು ತೆಗೆಯದೆ ಅದರ ಮೂಲಕ ಟೊಳ್ಳು ಸೂಜಿ ತೂರಿಸಿ, ಹೊರಬಂದ ವೈನಿನ ಜಾಗಕ್ಕೆ ಆರ್ಗಾನ್ ಎಂಬ ಜಡ ಅನಿಲವನ್ನು ತುಂಬಿ ಈ ತೊಂದರೆಯನ್ನು ನೀಗಿಸುತ್ತದೆ. ಹಡಗಿನ ಬಾರಿನಲ್ಲಿ ಅದಿದ್ದರೆ ಮೇಲಿನ ದರ್ಜೆಯ ತೂಕ ಹೆಚ್ಚುತ್ತದೆ. ಇಲ್ಲದಿದ್ದರೆ ಬಾಟಲಿ ತೆರೆದದ್ದು ಯಾವಾಗ ಎಂದು ಬಾರಿನವರನ್ನು ಕೇಳುವುದು ಅಸಭ್ಯತೆಯಲ್ಲ. ಕ್ರೂಸ್ ಹಡಗುಗಳ ಕೆಲಸಕ್ಕೆ ಕರಾವಳಿಯಿಂದ ಹೋದವರು ಸಾಕಷ್ಟಿರುವುದರಿಂದ ಆ ಪ್ರಶ್ನೆಯನ್ನು ಕನ್ನಡದಲ್ಲೋ ತುಳುವಿನಲ್ಲೋ ಕೇಳುವ ಅವಕಾಶವೂ ಒದಗೀತು.

ಬೆಲೆಯೇ ರುಚಿಯನ್ನು ಬದಲಿಸುತ್ತದೆಂಬುದಕ್ಕೆ ಪ್ರಯೋಗದ ಆಧಾರವಿದೆ. ಕ್ಯಾಲಿಫೋರ್ನಿಯಾದ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ 90 ಡಾಲರಿನ ವೈನನ್ನು ಒಮ್ಮೆ ಅದರದೇ ಬೆಲೆ ಹೇಳಿ, ಇನ್ನೊಮ್ಮೆ 10 ಡಾಲರ್ ಎಂದು ಹೇಳಿ ಅದೇ ಜನರಿಗೆ ಕೊಟ್ಟಾಗ, ಹೆಚ್ಚು ಬೆಲೆ ಹೇಳಿದ್ದೇ ಅವರಿಗೆ ಹೆಚ್ಚು ರುಚಿಸಿತು. ಮಾತಿನಲ್ಲಿ ಮಾತ್ರವಲ್ಲ, ಸುಖವನ್ನು ಗ್ರಹಿಸುವ ಮೆದುಳಿನ ಭಾಗದ ಚಟುವಟಿಕೆಯೂ ಸ್ಕ್ಯಾನಿನಲ್ಲಿ ಹೆಚ್ಚಿದ್ದು ಕಂಡಿತು. ದುಬಾರಿ ದರ್ಜೆ ಕೊಂಡವರು ತಮ್ಮ ಗ್ಲಾಸನ್ನು ಹೊಗಳುವುದನ್ನು ಈ ಹಿನ್ನೆಲೆಯಲ್ಲಿ ಕೇಳಿಸಿಕೊಳ್ಳಬೇಕು. ಅವರು ಸುಳ್ಳು ಹೇಳುತ್ತಿರುವುದಿಲ್ಲ, ಅವರಿಗೆ ಹಾಗೆಯೇ ರುಚಿಸಿರುತ್ತದೆ.

ವೈನನ್ನು ನಿಜವಾಗಿ ಬಲ್ಲವರಿಗೆ ಮೂರನೆಯ ದಾರಿಯೊಂದಿದೆ. ಪ್ಯಾಕೇಜುಗಳು ಗ್ಲಾಸಿಗೆ ಅನ್ವಯಿಸುತ್ತವೆಯೇ ಹೊರತು ಸಾಮಾನ್ಯವಾಗಿ ಪೂರ್ಣ ಬಾಟಲಿಗಲ್ಲ. ಆದರೆ ಗ್ಲಾಸಿನ ಮಾರಾಟದಲ್ಲಿ, ಮೊದಲ ಒಂದೆರಡು ಗ್ಲಾಸುಗಳಲ್ಲೇ ಬಾಟಲಿಯ ಅಸಲು ಹುಟ್ಟಬೇಕೆಂಬುದು ಹೋಟೆಲು ವ್ಯಾಪಾರದ ಹಳೆಯ ಸೂತ್ರವಾಗಿದ್ದು, ಅಸಲಿಗೆ ಹೋಲಿಸಿದರೆ ದುಬಾರಿ ಬಾಟಲಿಗಳ ಮೇಲಿನ ಲಾಭಾಂಶ ಅಗ್ಗದವುಗಳಿಗಿಂತ ಕಡಿಮೆ ಇರುವುದು ವಾಡಿಕೆ. ಹೀಗಾಗಿ ಇಬ್ಬರು ಸೇರಿ ರಾತ್ರಿಯ ಊಟಕ್ಕೊಂದು ಒಳ್ಳೆಯ ಬಾಟಲಿ ತರಿಸಿ, ಉಳಿದದ್ದನ್ನು ಮರುದಿನಕ್ಕೆ ಎತ್ತಿಡಿಸಿಕೊಂಡರೆ, ಮೇಲಿನ ದರ್ಜೆಯ ಯಾವ ಗ್ಲಾಸಿಗಿಂತಲೂ ಉತ್ತಮವಾದದ್ದು ಸಿಕ್ಕೀತು. ಕೆಲವು ಕಂಪನಿಗಳು ಪ್ಯಾಕೇಜ್ ಇದ್ದವರಿಗೆ ಬಾಟಲಿಯ ಮೇಲೆ ರಿಯಾಯಿತಿಯನ್ನೂ ಕೊಡುತ್ತವೆ. ಹಡಗು ಹತ್ತುವ ದಿನ ತಲೆಗೊಂದರಂತೆ 750 ಮಿಲಿಲೀಟರಿನ ವೈನ್ ಬಾಟಲಿ ತರಲು ಹಲವು ಕಂಪನಿಗಳು ಬಿಡುತ್ತವೆ. ಅದನ್ನು ಊಟದ ಹಜಾರದಲ್ಲಿ ತೆರೆಸಿದರೆ ‘ಕಾರ್ಕೇಜ್’ ಎಂಬ ಬಿರಡೆ ಶುಲ್ಕ ಕೊಡಬೇಕಾಗುವುದುಂಟು.

ಯಾನದ ದಾರಿಯೂ ನಿರ್ಧಾರವನ್ನು ಬದಲಿಸುತ್ತದೆ. ಬಾರ್ಸಿಲೋನಾದಿಂದ ಹೊರಟು ಮಾರ್ಸೇ, ರೋಮಿನ ಬಂದರಾದ ಚಿವಿತಾವೆಕ್ಕಿಯಾ ಎಂದು ದಿನಕ್ಕೊಂದು ಬಂದರು ಮುಟ್ಟುವ ಮೆಡಿಟರೇನಿಯನ್ ಯಾನದಲ್ಲಿ ಹಗಲೆಲ್ಲ ದಡದಲ್ಲೇ ಕಳೆಯುತ್ತದೆ, ಮತ್ತು ದಡದ ಊಟದಂಗಡಿಗಳಲ್ಲಿ ಆಯಾ ಸೀಮೆಯ ವೈನ್ ಹಡಗಿನದಕ್ಕಿಂತ ಅಗ್ಗವಾಗಿಯೂ ಬಹಳ ಸಲ ಉತ್ತಮವಾಗಿಯೂ ಸಿಗುತ್ತದೆ. ಅಂಥ ಯಾನದಲ್ಲಿ ಮೇಲಿನ ದರ್ಜೆಗೆ ಹಣ ಹಾಕುವುದು ದಂಡ. ವಾರವಿಡೀ ನೀರಲ್ಲೇ ಕಳೆಯುವ ಅಟ್ಲಾಂಟಿಕ್ ದಾಟುವ ಯಾನದ ಮಾತು ಬೇರೆ.

ಆ ಯಾನಗಳಲ್ಲಿ ಕೆಲವು ತಂಗುವ ಮಡೀರಾ ದ್ವೀಪದ ಫುಂಚಾಲ್ ಬಂದರಂತೂ ಹಡಗು ಮತ್ತು ವೈನಿನ ನಂಟನ್ನು ಬಲ್ಲವರು ಇಳಿಯಲೇಬೇಕಾದ ಜಾಗ. ಪೋರ್ಚುಗಲ್ಲಿಗೆ ಸೇರಿದ ಈ ದ್ವೀಪದ ವೈನನ್ನು, ದ್ರಾಕ್ಷಿಯ ಸಾರಾಯಿ ಬೆರೆಸಿ ಗಟ್ಟಿಗೊಳಿಸಿ, ಪೀಪಾಯಿಗಳಲ್ಲಿ ಉಷ್ಣವಲಯ ದಾಟಿಸಿ ಕಳಿಸಿದಾಗ, ಹಡಗಿನ ಒಡಲಿನ ಸೆಕೆಗೂ ಓಲಾಟಕ್ಕೂ ಅದು ಕೆಡುವ ಬದಲು ಸುಧಾರಿಸುತ್ತದೆಂದು ವ್ಯಾಪಾರಿಗಳು ಕಂಡುಕೊಂಡರು. ಹೋಗಿ ಮರಳಿದ ಅಂಥ ವೈನಿಗೆ ಪೋರ್ಚುಗೀಸರು ‘ವಿನ್ಯೋ ದ ರೋಡಾ’, ಅಂದರೆ ಸುತ್ತು ಬಂದ ವೈನ್, ಎಂದು ಹೆಸರಿಟ್ಟರು. ಭಾರತದ ಕಡೆ ಬರುತ್ತಿದ್ದ ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳೂ ಅದರ ಪೀಪಾಯಿಗಳನ್ನು ಹೊತ್ತು ತರುತ್ತಿದ್ದವು. ಈಗ ಸಮುದ್ರಯಾನದ ಬದಲು ಬಿಸಿ ತೊಟ್ಟಿಗಳಲ್ಲೋ ಬೆಚ್ಚನೆಯ ಅಟ್ಟಗಳಲ್ಲೋ ಅದನ್ನು ಹಣ್ಣಾಗಿಸುತ್ತಾರೆ. ಕಾಯುವಾಗಲೇ ಗಾಳಿಯನ್ನೂ ಕಾವನ್ನೂ ಉಂಡ ಈ ವೈನ್, ಬಾಟಲಿ ತೆರೆದಿಟ್ಟ ಮೇಲೂ ತಿಂಗಳುಗಟ್ಟಲೆ ಕೆಡದು. ಹಡಗಿನ ಪಟ್ಟಿಯಲ್ಲಿ ಮಡೀರಾ ಕಂಡರೆ, ಬಾಟಲಿ ತೆರೆದದ್ದು ಯಾವಾಗ ಎಂದು ಕೇಳುವ ಪ್ರಮೇಯವಿಲ್ಲದ ಗ್ಲಾಸು ಅದೊಂದೇ ಎನ್ನಬೇಕು.

ಇನ್ನು, ಒಂದೇ ಕ್ಯಾಬಿನ್ನಿನಲ್ಲಿರುವ ವಯಸ್ಕರೆಲ್ಲರೂ ಪ್ಯಾಕೇಜ್ ಕೊಳ್ಳಲೇಬೇಕೆಂದು ಹಲವು ಕಂಪನಿಗಳು ಕಟ್ಟು ಹಾಕಿವೆ. ಗಂಡನೋ ಹೆಂಡತಿಯೋ ಒಬ್ಬರು ಮಾತ್ರ ಕುಡಿಯುವ ಮನೆಗಳು ನಮ್ಮಲ್ಲಿ ಕಡಿಮೆಯಲ್ಲವಾದ್ದರಿಂದ, ಅಂಥವರು ಪ್ಯಾಕೇಜಿನ ಗೊಡವೆಯನ್ನೇ ಬಿಟ್ಟು ಬಾಟಲಿಯ ಪಟ್ಟಿ ಕೇಳುವುದು ಲೇಸು. ಇಬ್ಬರೂ ಕುಡಿಯುವವರಾಗಿ, ವ್ಯತ್ಯಾಸ ಕೊಟ್ಟರೆ ಸಾಕೆನ್ನುವ ಹಡಗಾಗಿದ್ದರೆ, ಕೆಳಗಿನ ದರ್ಜೆಯನ್ನೇ ಕೊಂಡು ಸಂಜೆಯ ಒಂದೆರಡು ಒಳ್ಳೆಯ ಗ್ಲಾಸಿಗೆ ಮೇಲಿನ ಡಾಲರುಗಳನ್ನು ಕೈಯಿಂದ ಹಾಕುವುದು ಸರಿ. ಪೂರ್ಣ ಬೆಲೆ ಕೇಳುವ ಹಡಗು, ದೀರ್ಘ ಸಮುದ್ರದ ದಿನಗಳು, ಶಾಂಪೇನಿನ ಅಥವಾ ಪಿನೋ ನ್ವಾರ್‌ನ ಹುಚ್ಚು ಈ ಮೂರೂ ಕೂಡಿಬಂದವರು ಮಾತ್ರ ಮೇಲೇರಬಹುದು. ಅವರೂ ಮೊದಲ ದಿನ ಕೆಳಗಿನ ದರ್ಜೆಯಲ್ಲೇ ಕಳೆದು, ಬಾರಿನಲ್ಲಿ ಗ್ಲಾಸಿನ ಪಟ್ಟಿಯನ್ನು ಕೈಯಲ್ಲಿ ಹಿಡಿದು ನೋಡಿದ ಮೇಲೆ ನಿರ್ಧರಿಸಲಿ. ಉಳಿದ ದಿನಗಳಿಗಷ್ಟೇ ಹಣ ಕಟ್ಟಿ ಮೇಲಿನ ದರ್ಜೆಗೆ ಬದಲಿಸಿಕೊಳ್ಳಲು ಹಡಗಿನಲ್ಲೂ ಸಾಮಾನ್ಯವಾಗಿ ಅವಕಾಶವಿರುತ್ತದೆ. ಮೇಲಿನದನ್ನು ಕೊಂಡವರಿಗೆ ಕೆಳಗಿನದಕ್ಕೆ ಇಳಿದು ಹಣ ಹಿಂಪಡೆಯುವ ಅವಕಾಶ ಸಿಗುವುದು ಅಪರೂಪ.